ಬ್ಯಾಂಡಿಂಗ್‌ಗೆ ಕಾಣದ 12;21: ನನ್ನ ಅನುಭವ

ಮಕ್ಕಳ ಬಿ-ಎಎಲ್ಎಲ್‌ನಲ್ಲಿ (ಒಂದು ಬಗೆಯ ರಕ್ತಕ್ಯಾನ್ಸರ್) 12;21 ಅದಲುಬದಲಿನಿಂದ ಎರಡು ಜೀನ್‌ಗಳು ಕೂಡಿ ಆಗುವ ಇಟಿವಿ6-ರಂಕ್ಸ್1 ಸಮ್ಮಿಳನ ಜೀನನ್ನು ಫಿಶ್ ಪ್ರೋಬ್ (ಜೀನಿಗೆ ಅಂಟಿ ಹೊಳೆಯುವ ಡಿಎನ್‌ಎ ತುಣುಕು) ಇಲ್ಲದೆ ನಂಬಿಕೆಯಿಂದ ವರದಿ ಮಾಡಲಾಗದು ಎಂದು ಹಿರಿಯರು ಹೇಳಿದ್ದರು. 12 ಮತ್ತು 21ನೇ ವರ್ಣತಂತುಗಳು ಅದಲುಬದಲಾಗಿಸಿಕೊಳ್ಳುವ ತುಂಡುಗಳು ಜಿ-ಬ್ಯಾಂಡಿಂಗ್‌ನಲ್ಲಿ, ಅಂದರೆ ಬಣ್ಣ ಹಾಕಿ ವರ್ಣತಂತುಗಳ ಪಟ್ಟೆಗಳನ್ನು ನೋಡುವಾಗ, ಹೆಚ್ಚುಕಡಿಮೆ ಒಂದೇ ತೆರನಾಗಿ ಕಾಣುವುದರಿಂದ, ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುವ ಈ ಗುಂಪಿನ ಮಕ್ಕಳು 'ಸಾಮಾನ್ಯ ಕ್ಯಾರಿಯೋಟೈಪ್' (ವರ್ಣತಂತುಗಳಲ್ಲಿ ದೋಷವಿಲ್ಲ) ಎಂಬ ವರದಿಯೊಂದಿಗೆ ಹೋಗುತ್ತಿದ್ದರು. ಪ್ರತಿ ಮಗುವಿಗೂ ಪ್ರೋಬ್ ಖರೀದಿಸುವ ಹಣ ನಮ್ಮಲ್ಲಿರಲಿಲ್ಲ.

ಡಿಎನ್‌ಎ ಮೇಲಿನ ಪಿಸಿಆರ್ (ಬೇಕಾದ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಇಲ್ಲಿ ಉಪಯೋಗಕ್ಕೆ ಬಾರದು. ರಂಕ್ಸ್1ರ ಮೊದಲ ಇಂಟ್ರಾನ್ (ಆರ್‌ಎನ್‌ಎಯಿಂದ ಕತ್ತರಿಸಿ ತೆಗೆಯಲ್ಪಡುವ ಭಾಗ) ಲಕ್ಷಕ್ಕೂ ಹೆಚ್ಚು ಬೇಸ್‌ಗಳಷ್ಟು ಉದ್ದವಿದ್ದು, ಒಡಕು ಪ್ರತಿ ಮಗುವಿನಲ್ಲೂ ಬೇರೆ ಕಡೆ ಬೀಳುತ್ತದೆ. ಆದರೆ ಆರ್‌ಎನ್‌ಎಯಲ್ಲಿ ಸ್ಪ್ಲೈಸಿಂಗ್ (ಕತ್ತರಿಸಿ ಜೋಡಿಸುವಿಕೆ) ಇಂಟ್ರಾನನ್ನು ಕಿತ್ತೆಸೆದ ಮೇಲೆ ಇಟಿವಿ6ರ 5ನೇ ಎಕ್ಸಾನ್ (ಉಳಿಯುವ ಭಾಗ), ರಂಕ್ಸ್1ರ 2 ಅಥವಾ 3ನೇ ಎಕ್ಸಾನ್‌ಗೇ ಬಂದು ಕೂಡುತ್ತದೆ. ಆದ್ದರಿಂದ ಆರ್‌ಎನ್‌ಎಯನ್ನೇ ಹಿಡಿದೆವು.

ಸೋಲು ಅಲ್ಲಿಂದಲೇ ಶುರುವಾಯಿತು. ಜಿಲ್ಲೆಗಳಿಂದ ರಾತ್ರಿಯಿಡೀ ಪ್ರಯಾಣಿಸಿ ಬಂದ ಅಸ್ಥಿಮಜ್ಜೆಯಲ್ಲಿ ಆರ್‌ಎನ್‌ಎ ಕೆಟ್ಟಿಲ್ಲವೆಂದು ತೋರಿಸುವ ನಿಯಂತ್ರಣ ಜೀನ್ ಎಬಿಎಲ್1ರ ಪಟ್ಟಿಯೇ ಜೆಲ್ ಮೇಲೆ ಮೂಡುತ್ತಿರಲಿಲ್ಲ. ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ಕೊಳವೆಯಲ್ಲಿ ಬಂದವು ಪಿಸಿಆರನ್ನೇ ತಡೆಯುತ್ತಿದ್ದವು. ನಿಯಂತ್ರಣವೇ ಬಾರದಿದ್ದರೆ ಋಣಾತ್ಮಕವೆಂದು ಬರೆಯುವಂತಿಲ್ಲ. ಹೀಗೆ ವ್ಯರ್ಥವಾದ ಎನ್‌ಜೈಮ್, ಕಿಟ್‌ಗಳಿಗೇ ಸುಮಾರು ಎಂಬತ್ತು ಸಾವಿರ ರೂಪಾಯಿ ಹೋಗಿರಬೇಕು. ಕೊನೆಗೆ ಮಾದರಿ ಪಡೆಯುವ ಆಸ್ಪತ್ರೆಯಲ್ಲೇ ಹೆಪಾರಿನ್ ಬದಲು ಇಡಿಟಿಎಯಲ್ಲಿ ಪಡೆದ ಮಜ್ಜೆಯ ಕೆಂಪುಕಣಗಳನ್ನು ಒಡೆದು, ಬಿಳಿಕಣಗಳನ್ನು ನೇರವಾಗಿ ಆರ್‌ಎನ್‌ಎ ಕಾಪಾಡುವ ಟ್ರೈಜಾಲ್‌ಗೆ ಹಾಕಿ, ಅದರಲ್ಲಿ ಚರ್ಮ ಸುಡುವ ಫಿನಾಲ್ ಇರುವುದರಿಂದ ಎರಡು ಪದರದ ಡಬ್ಬಿಯಲ್ಲಿ ಮಂಜುಗಡ್ಡೆಯೊಂದಿಗೆ ಕಳಿಸುವಂತೆ ಅಲ್ಲಿನ ತಂತ್ರಜ್ಞರಿಗೆ ಕಲಿಸಿದೆವು. ಆಮೇಲೆ ಹತ್ತರಲ್ಲಿ ಒಂಬತ್ತಕ್ಕಾದರೂ ಎಬಿಎಲ್1 ಸ್ಪಷ್ಟವಾಗಿ ಬಂತು.

ಒಂದೇ ಕೊಳವೆಯಲ್ಲಿ ಬಿಸಿಆರ್-ಎಬಿಎಲ್1, ಟಿಸಿಎಫ್3-ಪಿಬಿಎಕ್ಸ್1, ಕೆಎಂಟಿ2ಎ-ಎಎಫ್ಎಫ್1 ಎಂಬ ಇತರ ಸಮ್ಮಿಳನಗಳನ್ನೂ ಸೇರಿಸಿದ್ದೇವೆ. ಆ ಪ್ರೈಮರ್‌ಗಳ (ಪಿಸಿಆರ್ ಆರಂಭಿಸುವ ಚಿಕ್ಕ ಡಿಎನ್‌ಎ ತುಣುಕುಗಳ) ಅನುಪಾತವನ್ನೂ ಅವು ಅಂಟಿಕೊಳ್ಳುವ ಅನೀಲಿಂಗ್ ತಾಪವನ್ನೂ ಇಲ್ಲಿ ಕೊಡುವುದಿಲ್ಲ. ಅದು ನಮ್ಮ ದುಡಿಮೆಯ ಗಳಿಕೆ. ಕೆಲವು ಮಕ್ಕಳಲ್ಲಿ ಎರಡು ಪಟ್ಟಿಗಳು ಕಂಡಾಗ ಕಲಬೆರಕೆಯೆಂದು ಅನುಮಾನಿಸಬಾರದು: ರಂಕ್ಸ್1ರ 2ನೇ ಎಕ್ಸಾನ್ ಬಿಟ್ಟುಹೋದ ರೂಪ 39 ಬೇಸ್‌ಗಳಷ್ಟು ಚಿಕ್ಕದಾಗಿರುತ್ತದೆ.

ಕುತೂಹಲಕ್ಕೆಂದು ಈ ಸಮ್ಮಿಳನವಿರುವ ಆರ್‌ಇಎಚ್ ಎಂಬ ಪ್ರಯೋಗಾಲಯದ ಕೋಶಗಳನ್ನು ಆರೋಗ್ಯವಂತರ ರಕ್ತದಲ್ಲಿ ಬೆರೆಸುತ್ತ ಹೋದೆ. ನೆಸ್ಟೆಡ್ ಸುತ್ತಿನಲ್ಲಿ (ಒಳಗಿನ ಪ್ರೈಮರ್‌ಗಳಿಂದ ಮಾಡುವ ಎರಡನೇ ಪಿಸಿಆರ್) ಸರಿಸುಮಾರು ಹತ್ತು ಸಾವಿರಕ್ಕೊಂದು ಕೋಶದವರೆಗೂ ಪಟ್ಟಿ ಉಳಿಯಿತು. ಹಳೆಯ ಮಜ್ಜೆಯ ಸ್ಲೈಡ್‌ಗಳನ್ನು ಕೆರೆದೂ ನೋಡಿದೆ, ಎಬಿಎಲ್1 ಮಸುಕಾಗಿ ಬಂತು, ವರದಿಗೆ ಸಾಲದು.

ಅನುಮಾನಿಸಿದವರೇ ಫಿಶ್ ಆಗಿದ್ದ ಮಾದರಿಗಳನ್ನು ಗುರುತು ಮರೆಮಾಡಿ ಕಳಿಸಿದರು. ನಮ್ಮ ಫಲಿತಾಂಶ ಎಲ್ಲದರಲ್ಲೂ ಹೊಂದಿತು. ಬಿ-ಎಎಲ್ಎಲ್ ಇರುವ ಪಾಶ್ಚಾತ್ಯ ಮಕ್ಕಳಲ್ಲಿ ನಾಲ್ಕರಲ್ಲೊಬ್ಬರಿಗೆ 12;21 ಇರುತ್ತದೆ ಎನ್ನುವ ಪ್ರಮಾಣ ನಮ್ಮಲ್ಲಿ ಕಂಡಿಲ್ಲ, ಅದಕ್ಕಿಂತ ಕಡಿಮೆಯೇ ಇದೆ. ಕೆಎಂಟಿ2ಎಗೆ ಮಾತ್ರ ಜೊತೆಗಾರ ಜೀನ್‌ಗಳು ಹಲವಾರಿರುವುದರಿಂದ, ಹಸುಳೆಗಳ ಮಾದರಿ ಬಂದರೆ ಜೊತೆಗಾರ ಯಾವುದಾದರೂ ಜೀನ್ ಒಡೆದದ್ದನ್ನು ತೋರಿಸುವ ಬ್ರೇಕ್-ಅಪಾರ್ಟ್ ಫಿಶ್ ಪ್ರೋಬನ್ನು ಈಗಲೂ ತರಿಸುತ್ತೇವೆ.