ಬಸವನಹುಳುವಿಗೆ ಮರುವಾಯಿ ಚಿಪ್ಪು

ಅಕ್ವೇರಿಯಂನ ಬಸವನಹುಳುವಿನ ಚಿಪ್ಪು ತುದಿಯಲ್ಲಿ ಬೆಳ್ಳಗಾಗಿ ಕುಳಿ ಬಿದ್ದಿದೆಯೇ? ಹಾಗಾದರೆ ಮೊದಲು ನಿಮ್ಮ ಬಾವಿ ನೀರಿನ ಪಿಎಚ್ ನೋಡಿ. ನಮ್ಮ ಮಂಗಳೂರು, ಉಡುಪಿ ಕಡೆ ಮುರಕಲ್ಲಿನ (ಜಂಬಿಟ್ಟಿಗೆ) ನೆಲ. ನೀರಿನಲ್ಲಿ ಸುಣ್ಣದ ಅಂಶ ಕಡಿಮೆ, ಹುಳಿ ಜಾಸ್ತಿ. ಪಿಎಚ್ 7ಕ್ಕಿಂತ ಇಳಿದರೆ ಚಿಪ್ಪು ಕರಗತೊಡಗುತ್ತದೆ. 7.5ರ ಆಸುಪಾಸು ಇರಲಿ.

ಇದಕ್ಕೆ ಮರುವಾಯಿಯ (ಕಪ್ಪೆಚಿಪ್ಪು) ಚಿಪ್ಪೇ ಸಾಕು, ನಿಧಾನಕ್ಕೆ ಕರಗಿ ನೀರಿಗೆ ಸುಣ್ಣ ಕೊಟ್ಟು ಹುಳಿ ತಗ್ಗಿಸುತ್ತದೆ. ಮರುವಾಯಿ ಸುಕ್ಕ (ಒಣ ಪಲ್ಯ) ಮಾಡುವ ದಿನ ಮಾಂಸವಿರುವ ಅರ್ಧ ಚಿಪ್ಪು ಪಾತ್ರೆಗೆ ಹೋಗುತ್ತದೆ, ಖಾಲಿ ಅರ್ಧ ತೆಂಗಿನ ಬುಡಕ್ಕೆ. ನಮಗೆ ಬೇಕಾದ್ದು ಆ ಖಾಲಿ ಅರ್ಧ. ಊಟವಾದ ಮೇಲೆ ಬಟ್ಟಲಿನಿಂದ ಆರಿಸಬೇಡಿ, ಮಸಾಲೆಯ ಎಣ್ಣೆ ಸುಲಭಕ್ಕೆ ಬಿಡುವುದಿಲ್ಲ.

ಹೆಚ್ಚಿನವರು ಎಡವುವುದು ತೊಳೆಯುವಲ್ಲಿ. ಚಿಪ್ಪಿನ ಒಳಗೆ ಎರಡು ಕಡೆ ಮಾಂಸದ ಚೂರು, ಕೀಲಿನ ಬಳಿ ಕಪ್ಪು ನಾರು ಅಂಟಿಕೊಂಡಿರುತ್ತದೆ. ಅದು ತೊಟ್ಟಿಯಲ್ಲಿ ಕೊಳೆತರೆ ಮೀನೂ ಹೋಯಿತು, ಹುಳುವೂ ಹೋಯಿತು. 20 ನಿಮಿಷ ಕುದಿಸಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ನಾರನ್ನು ಚಾಕುವಿನ ಮೊನೆಯಿಂದ ಎಬ್ಬಿಸಿ ತೆಗೆಯಿರಿ. ಸೋಪು ಮುಟ್ಟಿಸಬೇಡಿ. ಮೂರು ದಿನ ಅಂಗಳದ ಬಿಸಿಲಿಗೆ ಹರಡಿ. ಇರುವೆ ಮುತ್ತಿದರೆ ಮಾಂಸ ಇನ್ನೂ ಇದೆ ಎಂದೇ ಲೆಕ್ಕ, ಮತ್ತೆ ಕುದಿಸಿ.

ಗೋಣಿಯಲ್ಲಿ ಸುತ್ತಿ ಕಡಲೆಕಾಳಿನಷ್ಟು ದಪ್ಪಕ್ಕೆ ಜಜ್ಜಿ, ತೊಳೆದು, ಬಲೆ ಚೀಲದಲ್ಲಿ ಕಟ್ಟಿ ಫಿಲ್ಟರಿನ ನೀರು ಬೀಳುವಲ್ಲಿ ಇಡಿ. 40 ಲೀಟರಿನ ತೊಟ್ಟಿಗೆ ಒಂದು ಹಿಡಿ ಸಾಕು. ಹತ್ತು ದಿನ ಬಿಟ್ಟು ಪಿಎಚ್ ನೋಡಿಯೇ ಇನ್ನೊಂದು ಹಿಡಿ. ಹುಳಿ ನೀರು ಇಷ್ಟಪಡುವ ನಿಯಾನ್ ಟೆಟ್ರಾ ಇರುವ ತೊಟ್ಟಿಗೆ ಈ ಉಸಾಬರಿಯೇ ಬೇಡ.

ಎರಡೂ ಸುಣ್ಣವೇ ಅಲ್ಲವೇ ಎಂದು ಪಕ್ಕದ ಮನೆಯ ಹುಡುಗ ಅಜ್ಜಿಯ ಎಲೆ-ಅಡಿಕೆ ಡಬ್ಬಿಯ ಸುಣ್ಣವನ್ನೇ ಕದಡಿದ್ದ. ಸಂಜೆಯೊಳಗೆ ಗಪ್ಪಿಗಳೆಲ್ಲ ಹೊಟ್ಟೆ ಮೇಲೆ. ಸುಟ್ಟ ಸುಣ್ಣ ಪಿಎಚ್ ಅನ್ನು ಒಮ್ಮೆಲೇ ಏರಿಸುತ್ತದೆ. ಸುಡದ ಚಿಪ್ಪು ನಿಧಾನಕ್ಕೆ ಕರಗುತ್ತದೆ.

ಅಂಗಡಿಯ ಬಿಳಿ 'ಕ್ಯಾಲ್ಸಿಯಂ ಬ್ಲಾಕ್' ನಾನಂತೂ ಕೊಳ್ಳುವುದಿಲ್ಲ. ಕೊಂಡಿದ್ದರೆ ಒಂದು ಹನಿ ವಿನೆಗರ್ ಹಾಕಿ ನೋಡಿ. ನೊರೆ ಬರದಿದ್ದರೆ ಅದು ಪ್ಲಾಸ್ಟರ್ ಇರಬಹುದು, ನೀರಿನ ಹುಳಿ ತಗ್ಗಿಸದು. ಅದಕ್ಕಿಂತ ಪಣಂಬೂರು, ಮಲ್ಪೆಯ ದಡದಲ್ಲಿ ಬಿದ್ದಿರುವ ಕಪ್ಪೆ ಬೊಂಡಾಸಿನ (ಕಟಲ್‌ಫಿಶ್) ಬಿಳಿ ಓಡು ಎಷ್ಟೋ ವಾಸಿ. ಎರಡು ದಿನ ಸಿಹಿನೀರಿನಲ್ಲಿ ನೆನೆಸಿ ಉಪ್ಪು ತೆಗೆದು, ತೇಲದಂತೆ ಕಲ್ಲು ಕಟ್ಟಿ ಬಿಡಿ. ಹುಳುಗಳು ಬಂದು ಕೆರೆದು ತಿನ್ನುತ್ತವೆ.

ತಾಮ್ರವಿರುವ ಮೀನಿನ ಔಷಧಿ ಬಸವನಹುಳುವಿಗೆ ವಿಷ, ಲೇಬಲ್ ಓದಿ.

ಹಳೆಯ ಕುಳಿ ತುಂಬುವುದಿಲ್ಲ. ಚಿಪ್ಪಿನ ಬಾಯಿಯ ಅಂಚು ನೋಡುತ್ತಿರಿ: ಕೆಲವು ವಾರಗಳಲ್ಲಿ ಅಲ್ಲಿ ಹೊಸ, ನುಣುಪಾದ ಪಟ್ಟಿಯೊಂದು ಕಾಣಿಸಿಕೊಳ್ಳುತ್ತದೆ.