ಬಾಟಲಿ ಮೇಲಿನ ಬಣ್ಣ ಓದಲು ಕಲಿತದ್ದು

ಕೋಲಾರದ ಕಡೆ ಟೊಮೆಟೊ ಬೆಳೆಯುವ ನಮಗೆ ಔಷಧಿ ಹೊಡೆಯುವುದು ತಪ್ಪಿದ್ದಲ್ಲ. ಕೈಯಲ್ಲಿ ಹಿಡಿಯುವ ವಿಷವನ್ನು ಸರಿಯಾಗಿ ತಿಳಿದುಕೊಳ್ಳೋಣ ಎಂದು ಶೆಡ್ಡಿನ ಬಾಟಲಿಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಕೂತೆ. ಜೊತೆಗೆ ಬರುವ ಮಡಿಸಿದ ಚೀಟಿಯಲ್ಲಿ ಕನ್ನಡವೂ ಇರುತ್ತದೆ. ಅಕ್ಷರ ಚಿಕ್ಕದು, ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿದೆ.

ಲೇಬಲ್ ಮೇಲಿನ ತ್ರಿಕೋನದ ಬಣ್ಣದ ಹಿಂದೆ ಒಂದು ಲೆಕ್ಕವಿದೆ. ಅದಕ್ಕೆ ಎಲ್‌ಡಿ 50 ಎನ್ನುತ್ತಾರೆ. ಪ್ರಯೋಗದ ಇಲಿಗಳಲ್ಲಿ ಅರ್ಧದಷ್ಟು ಸಾಯುವ ಪ್ರಮಾಣ ಅದು. ದೇಹದ ಒಂದು ಕೆಜಿ ತೂಕಕ್ಕೆ ಇಷ್ಟು ಮಿಲಿಗ್ರಾಂ ಎಂದು ಅಳೆಯುತ್ತಾರೆ. ಬಾಯಿಯಿಂದ ಹೋದಾಗ 50ರವರೆಗೆ ಕೆಂಪು, 500ರವರೆಗೆ ಹಳದಿ, 5000ದವರೆಗೆ ನೀಲಿ, ಅದಕ್ಕೂ ಮೇಲೆ ಹಸಿರು. ಅಂಕಿ ಚಿಕ್ಕದಾದಷ್ಟೂ ವಿಷ ಜೋರು.

ಕಾಫಿಯಲ್ಲಿರುವ ಕೆಫೀನ್‌ಗೆ ಈ ಅಂಕಿ ಸುಮಾರು 190. ಅಂದರೆ ಅದಕ್ಕೂ ಹಳದಿ ಬಣ್ಣವೇ ಬರಬೇಕು, ಅಲ್ವಾ? ಆದರೆ ಒಂದು ಕಪ್ಪಿನಲ್ಲಿ ಇರುವುದು 100 ಮಿಲಿಗ್ರಾಂ ಆಸುಪಾಸು. ಪ್ರಮಾಣವೇ ವಿಷವನ್ನು ವಿಷವಾಗಿಸುತ್ತದೆ ಎಂದು 16ನೇ ಶತಮಾನದ ವೈದ್ಯ ಪ್ಯಾರಾಸೆಲ್ಸಸ್ ಹೇಳಿದ್ದು ನನಗೆ ಅರ್ಥವಾದದ್ದು ಇಲ್ಲೇ.

ಅದೇ ಲೆಕ್ಕವನ್ನು ತೋಟಕ್ಕೆ ತಂದೆ. ಲೀಟರಿಗೆ 2 ಎಂಎಲ್ ಹಾಕಿದರೆ ಔಷಧಿ 500 ಪಟ್ಟು ತೆಳುವಾಗುತ್ತದೆ. ಹಾಗಾಗಿ ಮುಚ್ಚಳ ತೆಗೆದು ಅಳೆಯುವಾಗ ಕೈಗೆ ಬಿದ್ದ ಒಂದು ಹನಿ, ಡ್ರಮ್ಮಿನ 500 ಹನಿಗೆ ಸಮ. ಗ್ಲೌಸು, ಕನ್ನಡಕ ಬಾಟಲಿ ಮುಟ್ಟುವ ಮೊದಲೇ ಹಾಕಬೇಕು. ಹೊಡೆಯಲು ಹೊರಡುವಾಗ ಹಾಕಿಕೊಂಡರೆ ತಡವಾಯಿತು.

ಆಮೇಲೆ ವಿಷ ಮೈಯೊಳಗೆ ಹೋಗುವ ದಾರಿಯ ವಿಷಯ. ನಾವೆಲ್ಲ ಮೂಗಿಗೆ ಟವೆಲ್ ಕಟ್ಟಿ ನಿಶ್ಚಿಂತೆಯಾಗಿರುತ್ತೇವೆ. ಟವೆಲ್ ಆವಿಯನ್ನು ತಡೆಯುವುದಿಲ್ಲ. ಅದು ಒದ್ದೆಯಾದರೆ ಔಷಧಿಯನ್ನು ಮುಖಕ್ಕೇ ಅಂಟಿಸಿ ಇಟ್ಟಂತೆ. ಹೊಲದಲ್ಲಿ ಜಾಸ್ತಿ ವಿಷ ಒಳಗೆ ಹೋಗುವುದು ಚರ್ಮದಿಂದ. ಪ್ಯಾರಾಥಿಯಾನ್ ಎಂಬ ಕೀಟನಾಶಕದ ಪರೀಕ್ಷೆಯಲ್ಲಿ ಮುಂಗೈಗಿಂತ ಹಣೆಯ ಚರ್ಮ ಸುಮಾರು ನಾಲ್ಕು ಪಟ್ಟು ಹೀರಿತ್ತು. ತೊಡೆಸಂದಿಯ ಭಾಗ ಇನ್ನೂ ಎಷ್ಟೋ ಜಾಸ್ತಿ. ಪಂಪು ಸೋರಿ ಬೆನ್ನಿನಿಂದ ಚಡ್ಡಿಯವರೆಗೆ ಒದ್ದೆಯಾದರೆ ಅಲ್ಲೇ ಕೆಲಸ ನಿಲ್ಲಿಸಿ, ಬಟ್ಟೆ ಬಿಚ್ಚಿ, ಸೋಪು ಹಚ್ಚಿ ತೊಳೆದುಕೊಳ್ಳಬೇಕು. ಸಾಲು ಮುಗಿಯಲಿ ಎಂದು ಕಾಯಬಾರದು.

ಬಣ್ಣವನ್ನೇ ಪೂರ್ತಿ ನಂಬುವುದು ಕೂಡ ಅಪಾಯ. ಅದು ಒಂದೇ ಸಲಕ್ಕೆ ಒಳಗೆ ಹೋದ ವಿಷದ ಮಾತು ಅಷ್ಟೇ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಸೇರಿದರೆ ಏನಾಗುತ್ತದೆ ಎಂದು ಹಸಿರು ತ್ರಿಕೋನ ಹೇಳುವುದಿಲ್ಲ. ಕಳೆಗೆ ಹೊಡೆಯುವ ಪ್ಯಾರಾಕ್ವಾಟ್ ನೋಡಿ. ಬಣ್ಣ ಹಳದಿ. ಆದರೆ ಒಂದು ಗುಟುಕು ಹೋದರೂ ಶ್ವಾಸಕೋಶ ಕೆಡಬಹುದು, ಅದಕ್ಕೆ ಪ್ರತಿವಿಷವೇ ಇಲ್ಲ. ನನ್ನ ಶೆಡ್ಡಿನಲ್ಲಿ ಅದಕ್ಕೆ ಜಾಗವಿಲ್ಲ.

ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ತರಹದ ಕೀಟನಾಶಕಗಳು ನರಗಳ ಮೇಲೆ ಕೆಲಸ ಮಾಡುತ್ತವೆ. ಬೆವರು, ಜೊಲ್ಲು, ಕಣ್ಣೀರು, ವಾಂತಿ ಬರುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಬಿಸಿಲಿಗೆ ಸುಸ್ತಾಗಿದೆ ಎಂದು ನೆರಳಿನಲ್ಲಿ ಮಲಗಿಸಿದರೆ ಹೊತ್ತು ಹೋಗುತ್ತದೆ. ತಕ್ಷಣ ಆಸ್ಪತ್ರೆಗೆ ಹೋಗಬೇಕು, ಲೇಬಲ್ ಜೊತೆಗಿರಬೇಕು. ಈ ಗುಂಪಿನ ವಿಷಕ್ಕೆ ಡಾಕ್ಟರು ಅಟ್ರೋಪಿನ್ ಕೊಡುತ್ತಾರೆ, ಬೇರೆಯವಕ್ಕೆ ಚಿಕಿತ್ಸೆಯೇ ಬೇರೆ. ಅದಕ್ಕೇ ಪ್ರತಿ ಬಾಟಲಿಯ ಲೇಬಲ್ ಫೋಟೊ ನನ್ನ ಫೋನಿನಲ್ಲಿದೆ. ನಮ್ಮಲ್ಲಿ ಹೊಡೆಯಲು ಬರುವ ಹುಡುಗರಿಗೂ, ಅವರ ಮನೆಯವರಿಗೂ ಕಳಿಸಿದ್ದೇನೆ.