ಟ್ಯೂಬ್‌ಲೈಟ್, ಹೈಡ್ರಾಲಿಕ್ ರಾಡ್ ಮತ್ತು ಅತ್ತೆಯರ ಬ್ಯಾಚ್

ಬೆಳಗಾವಿಯಲ್ಲಿ ಹೆಂಗಸರ ಪೋಲ್ ಕ್ಲಾಸ್, ಅಂದರೆ ನೆಟ್ಟ ಉಕ್ಕಿನ ಕಂಬ ಹತ್ತಿ, ಸುತ್ತಿ ಮಾಡುವ ಕಸರತ್ತಿನ ಕ್ಲಾಸ್, ಆರು ತಿಂಗಳು ನಡೆದರೆ ಮೀಸೆ ಬೋಳಿಸುತ್ತೇನೆ ಎಂದು ಜಿಮ್ ಮಾಲೀಕರೊಬ್ಬರು ಪಣ ಕಟ್ಟಿದ್ದರು. ಈಗ ಐದನೇ ವರ್ಷ ನಡೆಯುತ್ತಿದೆ. ಮೀಸೆ ಹಾಗೇ ಇದೆ, ನಾನೂ ಕೇಳಲು ಹೋಗಿಲ್ಲ. ಅವರ ಮಗಳು ನನ್ನ ಸಂಜೆ ಬ್ಯಾಚಿನಲ್ಲಿದ್ದಾಳೆ, ಅಷ್ಟು ಸಾಕು.

ಹುಬ್ಬಳ್ಳಿ, ದಾವಣಗೆರೆ ಕಡೆಯ ಡ್ಯಾನ್ಸ್ ಟೀಚರ್‌ಗಳು, ಟ್ರೇನರ್‌ಗಳು ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ. ಪೋಲ್ ಅಂದ ಕೂಡಲೇ ಜನರ ತಲೆಗೆ ಬಾರು, ಕೆಂಪು ಲೈಟು, ನೋಟು ಎಸೆಯುವ ಗಂಡಸರು ಬರುತ್ತಾರಲ್ಲ, ಅದನ್ನು ಹೇಗೆ ಕಳಚಿದಿರಿ? ಅದನ್ನಷ್ಟೇ ಬರೆಯುತ್ತೇನೆ. ಕ್ಲೈಂಬ್ (ಹತ್ತುವುದು), ಸಿಟ್ (ಮೇಲೆ ಕೂರುವುದು), ಇನ್ವರ್ಟ್ (ಉಲ್ಟಾ ಆಗುವುದು) ಕಲಿಸುವ ಕ್ರಮ ನಿಮಗೆ ಗೊತ್ತೇ ಇದೆ.

ಮೊದಲು ಕೈಕೊಟ್ಟ ಉಪಾಯಗಳು. ನಾನು ಬಾಗಲಕೋಟೆ ಕಡೆಯವಳು. ತುಳಸಿಗೇರಿಯ ಮಲ್ಲಕಂಬ ನೋಡುತ್ತಾ ಬೆಳೆದವಳು, ಶಾಲೆಯಲ್ಲಿ ಹಗ್ಗದ ಮಲ್ಲಕಂಬ ಮಾಡಿದವಳು. ಹಾಗಾಗಿ ಶುರುವಿನಲ್ಲಿ ಹೇಳಿದ್ದು ಇದೇ: ಇದು ನಮ್ಮ ಮಲ್ಲಕಂಬವೇ, ಕಬ್ಬಿಣದ್ದು ಅಷ್ಟೆ. 12ನೇ ಶತಮಾನದ ಮಾನಸೋಲ್ಲಾಸ ಗ್ರಂಥ, ಅದನ್ನು ಬರೆದ ಕಲ್ಯಾಣ ಚಾಲುಕ್ಯರ ದೊರೆ ಸೋಮೇಶ್ವರ, ಎಲ್ಲವನ್ನೂ ಎಳೆದು ತಂದೆ. ಕೇಳುವಾಗ ಎಲ್ಲರೂ ತಲೆಯಾಡಿಸುತ್ತಾರೆ. ನೋಡಿದ ಮೇಲೆ ಬಿಡುತ್ತಾರೆಯೇ? ಮಲ್ಲಕಂಬದ ಮರ ಸಾಗವಾನಿ ಅಥವಾ ಬೀಟೆಯದು, ಬುಡದಲ್ಲಿ ಸುತ್ತಳತೆ 55 ಸೆಂ.ಮೀ. ಅದಕ್ಕೆ ಹರಳೆಣ್ಣೆ ಹಚ್ಚುತ್ತಾರೆ. ನಮ್ಮದು 45 ಮಿ.ಮೀ. ದಪ್ಪದ ಉಕ್ಕು, ಒಂದು ಹನಿ ಎಣ್ಣೆ ಬಿದ್ದರೂ ಆ ದಿನದ ಕ್ಲಾಸ್ ಮುಗಿಯಿತು. ನಮ್ಮ ಕಡೆ ಜಾತ್ರೆಯಲ್ಲಿ ಮಲ್ಲಕಂಬ ನೋಡಿದವರು ಊರೂರಿಗೆ ಇದ್ದಾರೆ, ಅವರ ಮುಂದೆ ಈ ಆಟ ನಡೆಯಲ್ಲ. ಗರಡಿಮನೆಯ ಹಿರಿಯ ವಸ್ತಾದಿಯೊಬ್ಬರು ಬಂದು ಸುಮ್ಮನೆ ಕೂತು ನೋಡಿದರು. ಎದ್ದು ಹೋಗುವಾಗ, "ಇದು ಮಲ್ಲಕಂಬ ಅಲ್ಲ ತಂಗಿ. ಆದ್ರ ಕಷ್ಟ ಐತಿ ನೋಡು" ಅಂದರು. ಅವರ ಮೊದಲ ಮಾತಿಗೆ ಸಿಟ್ಟು ಬಂತು. ಎರಡನೇ ಮಾತಿನ ಮೇಲೆ ಇವತ್ತಿಗೂ ನನ್ನ ಕ್ಲಾಸ್ ನಿಂತಿದೆ, ಅದನ್ನು ಮುಂದೆ ಹೇಳುತ್ತೇನೆ.

ಆಮೇಲೆ ಕ್ರೀಡೆಯ ದಾರಿ ಹಿಡಿದೆ. ಅಂತರರಾಷ್ಟ್ರೀಯ ಪೋಲ್ ಸ್ಪೋರ್ಟ್ಸ್ ಫೆಡರೇಷನ್ 2009ರಲ್ಲಿ ಶುರುವಾಯಿತು, 2017ರಲ್ಲಿ ಜಾಗತಿಕ ಕ್ರೀಡಾ ಒಕ್ಕೂಟಗಳ ಸಂಘ ಅದಕ್ಕೆ ವೀಕ್ಷಕ ಸ್ಥಾನ ಕೊಟ್ಟಿತು. ಇದನ್ನೆಲ್ಲ ಕರಪತ್ರದಲ್ಲಿ ಹಾಕಿಸಿ ಬೆಳಗಾವಿಯ ಟಿಳಕವಾಡಿ, ಹಿಂದವಾಡಿ, ಶಹಾಪುರದಲ್ಲಿ ಹಂಚಿಸಿದೆ. ನಾಲ್ಕೈದು ಸಾವಿರ ರೂಪಾಯಿ ಹೋಯಿತು. ಬಂದ ಫೋನುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗಂಡಸರದ್ದು. ಒಬ್ಬನಂತೂ ನೋಡಲು ಟಿಕೆಟ್ ಎಷ್ಟು ಅಂತ ಕೇಳಿದ.

ಮೂರನೆಯದು ಗಣೇಶೋತ್ಸವ. ಬೆಳಗಾವಿಯ ಗಣಪತಿ ಅಂದರೆ ಎಷ್ಟು ಜನ ಸೇರುತ್ತಾರೆ ನಿಮಗೆ ಗೊತ್ತು. ಒಂದು ಮಂಡಳದವರು ಹತ್ತು ನಿಮಿಷ ಕೊಟ್ಟರು. ಹುಡುಗಿಯರಿಗೆ ಟ್ರ್ಯಾಕ್ ಪ್ಯಾಂಟ್ ಹಾಕಿಸಿ, ಬರೀ ತಾಳಕ್ಕೆ ಕಟ್ಟಿದ ಐಟಂ ತಯಾರು ಮಾಡಿದ್ದೆ. ಹಿಂದಿನ ದಿನ ಸಂಜೆ ಕಾರ್ಯಕರ್ತರೊಬ್ಬರು ಬಂದು, "ವೈನಿ, ಒಂದು ಸಿನಿಮಾ ಹಾಡು ಹಚ್ಚಿದ್ರ ಚಲೋ ಆಗ್ತಿತ್ತು" ಅಂದರು. ಯಾವ ಹಾಡು ಅಂತ ಅವರ ಮುಖದಲ್ಲೇ ಬರೆದಿತ್ತು. ಪೋಲ್ ಬಿಚ್ಚಿ ಟೆಂಪೊಗೆ ಹಾಕಿದೆ. ಬಾಡಿಗೆ ಎರಡೂ ಕಡೆಯದು ನನ್ನದೇ.

ಇನ್ನೊಂದು ದಾರಿ ಇತ್ತು, ಅದನ್ನು ಬೇಕಂತಲೇ ಹಿಡಿಯಲಿಲ್ಲ. "ನಾವು ಅಂಥವರಲ್ಲ" ಅನ್ನುವ ದಾರಿ. 2015ರ ಸುಮಾರಿಗೆ ಹೊರದೇಶದ ಪೋಲ್ ಕಲಿಯುವವರು "ನಾನು ಸ್ಟ್ರಿಪ್ಪರ್ (ಕ್ಲಬ್ಬಿನಲ್ಲಿ ಬಟ್ಟೆ ಬಿಚ್ಚಿ ಕುಣಿಯುವವಳು) ಅಲ್ಲ" ಎಂಬ ಹ್ಯಾಶ್‌ಟ್ಯಾಗ್ ಹಾಕಿ ಫೋಟೊ ಹಂಚತೊಡಗಿದರು. ಕ್ಲಬ್ಬಿನ ಹೆಂಗಸರು ತಿರುಗಿ ಕೇಳಿದರು: ನೀವು ಮಾಡುವ ಸ್ಪಿನ್ನು (ಪೋಲ್ ಹಿಡಿದು ಗಿರಗಿರ ಸುತ್ತುವುದು), ಟ್ರಿಕ್ಕು ಯಾರ ಬೆವರಿನದು? ಅವರು ಕೇಳಿದ್ದು ಸರಿ. 1990ರ ದಶಕದಲ್ಲಿ ಕೆನಡಾ, ಅಮೆರಿಕದಲ್ಲಿ ಹೊರಗಿನವರಿಗೆ ಇದನ್ನು ಕಲಿಸಲು ಶುರು ಮಾಡಿದವರಲ್ಲಿ ಕ್ಲಬ್ಬಿನ ನರ್ತಕಿಯರೇ ಇದ್ದರು. ನಮ್ಮಲ್ಲೂ ಇಂಥದ್ದು ಆಗಿಹೋಗಿದೆ. 1935ರಲ್ಲಿ ಮೇಲ್ಜಾತಿಯ ರುಕ್ಮಿಣಿ ದೇವಿ ಮದ್ರಾಸಿನ ಅಡ್ಯಾರ್‌ನಲ್ಲಿ ಭರತನಾಟ್ಯ ಮಾಡಿದ ಮೇಲೆ ದೊಡ್ಡ ಮನೆತನದ ಹೆಣ್ಣುಮಕ್ಕಳು ಆ ನೃತ್ಯಕ್ಕೆ ಬಂದರು, ಒಳ್ಳೆಯದೇ ಆಯಿತು. ಶೃಂಗಾರವನ್ನು ತೊಳೆದು ಹಾಕುವುದನ್ನು ದೇವದಾಸಿ ಮನೆತನದ ನರ್ತಕಿ ಬಾಲಸರಸ್ವತಿ ಕೊನೆವರೆಗೂ ಒಪ್ಪಲಿಲ್ಲ. ಆದರೆ ಆ ನೃತ್ಯವನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದ ದೇವದಾಸಿ ಮನೆತನಗಳಲ್ಲಿ ಎಷ್ಟು ಮಂದಿಗೆ ಆ ಮರ್ಯಾದೆಯಲ್ಲಿ ಪಾಲು ಸಿಕ್ಕಿತು? ಹೆಣ್ಣುಮಕ್ಕಳನ್ನು ದೇವದಾಸಿ ಬಿಡುತ್ತಿದ್ದ ಯಲ್ಲಮ್ಮನ ಸವದತ್ತಿ ಇರುವುದು ನಮ್ಮ ಜಿಲ್ಲೆಯಲ್ಲೇ. ನಾವು ಈ ಮಾತನ್ನು ಹಗುರವಾಗಿ ಆಡಬಾರದು. ಅದೂ ಅಲ್ಲದೆ "ನಾವು ಅಂಥವರಲ್ಲ" ಅಂದ ಕೂಡಲೇ ಕೇಳುವವರಿಗೆ ಮೊದಲು ನೆನಪಾಗುವುದೇ ಅಂಥದ್ದು. ವ್ಯಾಪಾರಕ್ಕೂ ನಷ್ಟ.

ಕೆಲಸ ಮಾಡಿದ್ದು ಬೇರೆ. ವಸ್ತಾದಿಯವರ "ಕಷ್ಟ ಐತಿ" ಅನ್ನುವ ಮಾತನ್ನು ಜನರ ಕೈಗೆ ಮುಟ್ಟಿಸುವುದು. ವಾದ ಮಾಡುವುದನ್ನು ಬಿಟ್ಟೆ. ನೋಡಲು ಬಂದವರನ್ನು ಹಿಡಿದು ಪೋಲಿಗೆ ತೂಗುಹಾಕತೊಡಗಿದೆ.

ಶುರುವಾದದ್ದು ಹೀಗೆ. ಒಬ್ಬ ಹುಡುಗಿಯ ಅತ್ತೆ ಏನು ನಡೆಯುತ್ತಿದೆ ಎಂದು ನೋಡಲು ಬಂದರು. ಕುರ್ಚಿ ಹಾಕಿ ಕೂರಿಸಿದೆ. ಮುಖ ಬಿಗಿದಿತ್ತು. ಕ್ಲಾಸಿನ ನಡುವೆ, "ಬರ್ರಿ ಅತ್ತಿಯವ್ರ, ಒಂದು ಸಲ ಹಿಡದು ನೋಡ್ರಿ" ಅಂದೆ. ಸೆರಗು ಸಿಗಿಸಿ ಬಂದರು. ಎರಡೂ ಕೈಯಲ್ಲಿ ಹಿಡಿದು ಕಾಲು ಎತ್ತಿದ್ದೇ ತಡ, ಜಾರಿ ಇಳಿದರು. "ಅಯ್ಯ ಶಿವನ! ನನ್ನ ಮೈ ಇಷ್ಟ ಭಾರ ಐತೇನ?" ಅಂತ ನಕ್ಕರು. ಆಮೇಲೆ ಸೊಸೆ ಹತ್ತಿದ್ದನ್ನು ಅವರು ನೋಡಿದ ನೋಟವೇ ಬೇರೆ. ಸೊಸೆಯ ಸೊಂಟ ನೋಡಲಿಲ್ಲ, ತೋಳು ನೋಡಿದರು. ಮುಂದಿನ ವಾರ ತಮ್ಮ ಭುಜದ ಬಿಗಿತಕ್ಕೆ ಏನಾದರೂ ಇದೆಯೇ ಅಂತ ಕೇಳಿದರು.

ಅಲ್ಲಿಂದ ಹುಟ್ಟಿದ್ದು ಬೆಳಿಗ್ಗೆ 11 ಗಂಟೆಯ ಬ್ಯಾಚ್. ಐವತ್ತು ದಾಟಿದ ಹೆಂಗಸರು. ಉಲ್ಟಾ ಗಿಲ್ಟಾ ಏನೂ ಇಲ್ಲ. ಪೋಲ್ ಹಿಡಿದು ಕೂತು ಏಳುವುದು, ವಾಲುವುದು, ಸ್ವಲ್ಪ ತೂಗುವುದು. ಫೀಸು ತಿಂಗಳಿಗೆ 600. ಲಾಭ ಏನೂ ಇಲ್ಲ, ಆದರೆ ನನ್ನ ಎಲ್ಲ ಜಾಹೀರಾತು ಆ ಬ್ಯಾಚೇ. ಓಣಿಯಲ್ಲಿ ಯಾರಾದರೂ ಕೆಟ್ಟ ಮಾತಾಡಿದರೆ ಉತ್ತರ ಕೊಡುವವರು ಅವರು, ಅದೂ ಕನ್ನಡ ಮರಾಠಿ ಎರಡರಲ್ಲೂ. ನಾನು ಹೇಳಿದರೆ ಅದು ಸಮಜಾಯಿಷಿ. ಒಬ್ಬ ಅತ್ತೆ ಹೇಳಿದರೆ ಅಲ್ಲಿಗೆ ಮುಗಿಯಿತು.

ಜೊತೆಗೆ ಹಾಲ್ ಬದಲಿಸಿದೆ. ಮೂಲೆಯ ಬಣ್ಣದ ಲೈಟುಗಳನ್ನು ಕಿತ್ತು ಟ್ಯೂಬ್‌ಲೈಟ್ ಹಾಕಿದೆ. ಮೊದಲ ತಿಂಗಳು ಹಾಡು ಇಲ್ಲ, ಬರೀ ಎಣಿಕೆ. ಸ್ಪಿನ್ ಕೂಡ ಇಲ್ಲ. ಅಂದಚಂದದ ಸ್ಪಿನ್ ಬೇಗ ಬರುತ್ತದೆ, ಹುಡುಗಿಯರು ಅದರ ರೀಲ್ ಮಾಡಿ ಹಾಕುತ್ತಾರೆ, ಕೆಳಗೆ ಕಾಮೆಂಟು ಶುರು. ನನ್ನ ಹಳೆಯ ಹಾಲ್ ಹೋದದ್ದೇ ಹೀಗೆ. ಯಾರೋ ಹಂಚಿದ ವಿಡಿಯೊ ಮನೆ ಮಾಲೀಕರಿಗೆ ತಲುಪಿತು, ತಿಂಗಳಲ್ಲಿ ಖಾಲಿ ಮಾಡಿ ಅಂದರು. ಮುಂಗಡದಲ್ಲಿ ಗೋಡೆ ರಿಪೇರಿ ಅಂತ ಹನ್ನೆರಡು ಸಾವಿರ ಮುರಿದುಕೊಂಡರು. ಈಗ ವಿಡಿಯೊ ಮಾಡಬೇಕಾದರೆ ಮೊದಲು ಬಿದ್ದದ್ದು, ಕೈ ಜಾರಿದ್ದು, ತೊಡೆಯ ಮೇಲಿನ ನೀಲಿ ಕಲೆ ಇರಬೇಕು, ಕೊನೆಗೆ ಟ್ರಿಕ್. ಮೊದಲೇ ಕಷ್ಟ ಕಂಡವರು ಆಮೇಲೆ ಬೇರೆ ಕಣ್ಣಲ್ಲಿ ನೋಡುವುದು ಕಡಿಮೆ.

ಇನ್ನು ಬಟ್ಟೆ. ನಿಜವಾದ ಜಗಳ ಇರುವುದು ಇಲ್ಲೇ. ಸಣ್ಣ ಚಡ್ಡಿ ಯಾಕೆ ಅಂತ ನಿಮಗೆ ಗೊತ್ತು: ಕ್ರೋಮ್ ಲೇಪಿಸಿದ ಪೋಲ್ ಮೇಲೆ ಚರ್ಮ ನಿಲ್ಲುತ್ತದೆ, ಬಟ್ಟೆ ಜಾರುತ್ತದೆ. ಇದನ್ನು ಪೋಷಕರಿಗೆ ಬಾಯಲ್ಲಿ ಹೇಳಿದರೆ ನೆಪ ಅಂದುಕೊಳ್ಳುತ್ತಾರೆ. ಹಾಗಾಗಿ ಬಟ್ಟೆ ಬಿಟ್ಟು ಪೋಲನ್ನೇ ಬದಲಿಸಲು ಹೊರಟೆ. ಚೀನೀ ಸರ್ಕಸ್ಸಿನವರು ರಬ್ಬರ್ ಹೊದಿಸಿದ ಕಂಬಕ್ಕೆ ಮೈತುಂಬ ಬಟ್ಟೆ ಹಾಕಿಕೊಂಡು ಹತ್ತುತ್ತಾರೆ. ನಾನು ಸೈಕಲ್ ಟ್ಯೂಬ್ ಸೀಳಿ ಸುತ್ತಿದೆ. ಹಿಡಿತ ಬಂತು, ಜೊತೆಗೆ ಮೊಣಕೈ ಚರ್ಮವೂ ಕಿತ್ತು ಬಂತು. ಲೆಗ್ಗಿಂಗ್ಸ್ ಒಂದು ವಾರಕ್ಕೆ ಹರಿದವು, ಕೈಯೆಲ್ಲ ಕಪ್ಪು. ಆಮೇಲೆ ಸಿಲಿಕೋನ್. ರೋಲರ್‌ಗಳಿಗೆ ರಬ್ಬರ್ ಹೊದಿಸುವವರೊಬ್ಬರ ಹತ್ತಿರ ಒಂದು ರಾಡಿಗೆ ಹೊದಿಸಿಕೊಂಡೆ, ಏಳೆಂಟು ಸಾವಿರ ಆಯಿತು. ಪ್ಯಾಂಟ್ ಹಾಕಿಕೊಂಡೇ ಹತ್ತಬಹುದು, ಕೂರಬಹುದು. ಸ್ಟ್ಯಾಟಿಕ್ ಸ್ಪಿನ್, ಅಂದರೆ ತಿರುಗದ ಪೋಲಿನ ಸುತ್ತ ಸುತ್ತುವುದು ಮಾತ್ರ ಆಗದು, ಮೈ ಅಂಟಿಕೊಂಡು ಬಿಡುತ್ತದೆ. ಪರವಾಗಿಲ್ಲ, ಮೊದಲ ತಿಂಗಳು ಸ್ಪಿನ್ ಬೇಡವಲ್ಲ.

ಈಗ ಹೊಸಬರೆಲ್ಲ ಸಿಲಿಕೋನ್ ಪೋಲಿನಲ್ಲೇ ಶುರು ಮಾಡುತ್ತಾರೆ. ಎರಡನೇ ತಿಂಗಳು ಕ್ರೋಮ್ ಪೋಲಿಗೆ ಬಂದಾಗ ಅದೇ ಪ್ಯಾಂಟಿನಲ್ಲಿ ಸರ್ರನೆ ಜಾರುತ್ತಾರೆ. ಅವತ್ತು ತಾಯಂದಿರನ್ನು ಕರೆಸಿ ಎದುರಿಗೆ ಕೂರಿಸುತ್ತೇನೆ. ಚಡ್ಡಿ ಹಾಕಿಸೋಣವೇ ಎಂದು ಆಮೇಲೆ ಅವರೇ ಕೇಳುತ್ತಾರೆ! ಬೇಡ ಅನ್ನುವವರಿಗೆ ಶಹಾಪುರದ ಟೇಲರ್ ಒಬ್ಬರು ಪ್ಯಾಂಟ್ ಹೊಲಿದುಕೊಡುತ್ತಾರೆ. ದೂರದಿಂದ ನೋಡಿದರೆ ಪೂರ್ತಿ ಪ್ಯಾಂಟು, ಬೇಕಾದ ಕಡೆ ಮಾತ್ರ ಚರ್ಮ ಸಿಗುತ್ತದೆ. ಎಲ್ಲಿ, ಹೇಗೆ ಕತ್ತರಿಸುತ್ತಾರೆ ಅಂತ ಇಲ್ಲಿ ಬರೆಯುವುದಿಲ್ಲ. ಅದರ ಹಿಂದೆ ನನ್ನ ಹತ್ತಿಪ್ಪತ್ತು ಹಾಳಾದ ಲೆಗ್ಗಿಂಗ್ಸ್ ಇವೆ.

ರಾಡಿನ ಕಥೆ ಹೇಳದಿದ್ದರೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ ಅನ್ಯಾಯ. ಹೊರದೇಶದ ಪೋಲ್ ಒಂದಕ್ಕೆ ಕಸ್ಟಮ್ಸ್ ಸೇರಿ ಅರ್ಧ ಲಕ್ಷದ ಹತ್ತಿರ ಹೇಳಿದರು. ನನಗೆ ನಾಲ್ಕು ಬೇಕಿತ್ತು. ನನ್ನ ಮೈದುನ ಹೈಡ್ರಾಲಿಕ್ ಸಿಲಿಂಡರ್ ಮಾಡುವ ಕಾರ್ಖಾನೆಯಲ್ಲಿ ಇದ್ದಾನೆ. ಪಿಸ್ಟನ್ ರಾಡಿಗೆ ಹಾರ್ಡ್ ಕ್ರೋಮ್ ಹಾಕಿ ಗ್ರೈಂಡ್ ಮಾಡುತ್ತಾರೆ, 45 ಮಿ.ಮೀ. ಅವರಲ್ಲಿ ಮಾಮೂಲಿ ಸೈಜು. ನಮ್ಮ ಸ್ಪರ್ಧೆಗಳ ಪೋಲೂ ಅಷ್ಟೇ. ಇದನ್ನು ಮೊದಲ ಸಲ ಕೇಳಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಗಟ್ಟಿ ರಾಡ್ ಮೀಟರಿಗೆ ಹನ್ನೆರಡೂವರೆ ಕೆ.ಜಿ., 11 ಅಡಿಗೆ ನಲವತ್ತು ದಾಟುತ್ತದೆ, ಎತ್ತಲು ಇಬ್ಬರು ಬೇಕು. ಟೊಳ್ಳು ರಾಡ್ ತೆಗೆದುಕೊಳ್ಳಿ, ಅರ್ಧದಷ್ಟಕ್ಕೆ ಇಳಿಯುತ್ತದೆ. ತುಕ್ಕು ಹಿಡಿಯದ ಹಾಗೆ ಎಣ್ಣೆ ಹಚ್ಚಿ ಕಳಿಸುತ್ತಾರೆ. ಅದನ್ನು ಸೀಮೆಎಣ್ಣೆ, ಸೋಪು, ಸ್ಪಿರಿಟ್ ಮೂರರಲ್ಲೂ ತೊಳೆಯಬೇಕು. ತಿರುಗುವ ಪೋಲಿಗೆ ಬುಡದಲ್ಲಿ ಯಾವ ಬೇರಿಂಗ್ ಕೂರಿಸಿದ್ದೇವೆ ಅನ್ನುವುದು ಮೈದುನನ ಆಸ್ತಿ, ಅವನನ್ನೇ ಒಪ್ಪಿಸಿ. ಒಂದಕ್ಕೆ ಬೋಲ್ಟು, ಪ್ಲೇಟು ಸೇರಿ ಹದಿನಾಲ್ಕು ಹದಿನೈದು ಸಾವಿರದಲ್ಲಿ ಮುಗಿಯಿತು. ಆರ್‌ಸಿಸಿ ತೊಲೆ ಇಲ್ಲದ ಕಡೆ ಮಾತ್ರ ಹಾಕಬೇಡಿ. ನಮ್ಮೂರಿನ ಹಂಚಿನ ಮನೆಗಳನ್ನು ನೋಡಿ ಆಸೆಪಡಲೇಬೇಡಿ.

ನಡುವೆ ಹಿತ್ತಾಳೆಯ ಹುಚ್ಚೂ ಹಿಡಿದಿತ್ತು. ಬೆಳಗಾವಿಯ ಮಳೆ ಗೊತ್ತಲ್ಲ, ಜುಲೈನಲ್ಲಿ ಕ್ರೋಮ್ ಮೇಲೆ ಕೈ ನಿಲ್ಲುವುದೇ ಇಲ್ಲ. ಹಿತ್ತಾಳೆಗೆ ಹಿಡಿತ ಜಾಸ್ತಿ ಅಂತ ಒಂದು ಪೈಪ್ ತಂದೆ. ಹಿಡಿತ ನಿಜವೇ, ಆದರೆ ವಾರಕ್ಕೆ ಕಪ್ಪಾಗಿ ಕೈಗೆಲ್ಲ ವಾಸನೆ. 11 ಗಂಟೆಯ ಬ್ಯಾಚಿನವರು ಮನೆಯಿಂದ ಹುಣಸೆಹಣ್ಣು ತಂದು ತಿಕ್ಕಿ ಫಳಫಳ ಮಾಡಿದರು. ಹುಣಸೆ ತೊಳೆದು ಹೋಗುವವರೆಗೆ ಎರಡು ದಿನ ಕ್ಲಾಸ್ ಬಂದ್. ಈಗ ಅದು ಮೂಲೆಯಲ್ಲಿದೆ, ಮಳೆಗಾಲಕ್ಕೆ ಹೊರಗೆ ಬರುತ್ತದೆ. ಡಿಸೆಂಬರ್‌ದು ಬೇರೆ ಗೋಳು. ರಾಡ್ ತಣ್ಣಗೆ, ಹುಡುಗಿಯರ ಕೈಕಾಲಿಗೆ ಕೊಬ್ಬರಿ ಎಣ್ಣೆ. ಬಾಗಿಲಲ್ಲೇ ಸೋಪು ನೀರು ಇಟ್ಟಿದ್ದೇನೆ.

ಒಟ್ಟು ಲೆಕ್ಕ ಕೇಳಿದರೆ, ಮ್ಯಾಟು, ಕನ್ನಡಿ, ಎರಡು ಹಾಲಿನ ಮುಂಗಡ ಎಲ್ಲ ಸೇರಿ ಎರಡೂಮುಕ್ಕಾಲು ಲಕ್ಷದ ಆಸುಪಾಸು ಹಾಕಿದ್ದೇನೆ. ಮೊದಲ ವರ್ಷ ಬಾಡಿಗೆ ಕೈಯಿಂದ ಕಟ್ಟಿದ್ದು. ಈಗ ಮೂವತ್ತೈದು ನಲವತ್ತು ಜನ ಬರುತ್ತಾರೆ. ದೊಡ್ಡವರ ಬ್ಯಾಚ್ ಬಿಟ್ಟರೆ ಉಳಿದವರಿಗೆ 1,200. ಖರ್ಚು ಕಳೆದು ಒಬ್ಬ ಹೈಸ್ಕೂಲ್ ಗೆಸ್ಟ್ ಟೀಚರ್‌ಗಿಂತ ಚೆನ್ನಾಗಿಯೇ ಉಳಿಯುತ್ತದೆ.

ಹಾಗಾದರೆ ಆ ಹೆಸರು ಪೂರ್ತಿ ಕಳಚಿತೇ? ಇಲ್ಲ. ಕಳಚಬೇಕು ಅಂತ ಈಗ ನನಗೂ ಅನಿಸುವುದಿಲ್ಲ. ಕಳೆದ ವರ್ಷ ಕೆಲವು ಹುಡುಗಿಯರು, ಇಬ್ಬರಿಗೆ ಮದುವೆಯೂ ಆಗಿದೆ, ಹೀಲ್ಸ್ ಹಾಕಿ ನಿಧಾನ ಹಾಡಿಗೆ ಕಲಿಯಬೇಕು ಅಂದರು. ಶನಿವಾರ ಸಂಜೆ ಅವರಿಗೆ ಬೇರೆ ಕ್ಲಾಸ್ ಇಟ್ಟೆ. ಬಾಗಿಲು ಹಾಕಿರುತ್ತದೆ, ಫೋನುಗಳು ಹೊರಗೆ ಡಬ್ಬಿಯಲ್ಲಿ, ಲೈಟು ಅವರ ಇಷ್ಟ. ಬೆಳಿಗ್ಗೆ ಅತ್ತೆಯರು ಕೂತು ಏಳುವ ಪೋಲೇ ಅದು. ತಪ್ಪು ಅನ್ನುವ ಟೀಚರ್‌ಗಳು ಇದ್ದಾರೆ, ಇಷ್ಟು ಕಷ್ಟಪಟ್ಟು ತೊಳೆದದ್ದಕ್ಕೆ ಮತ್ತೆ ಮಸಿ ಬಳಿದೆ ಅಂತ. ನನಗೆ ಹಾಗೆ ಕಾಣುವುದಿಲ್ಲ. ಯಾರ ಮುಂದೆ, ಯಾವಾಗ, ಹೇಗೆ ಅಂತ ಹತ್ತುವವಳೇ ತೀರ್ಮಾನ ಮಾಡುತ್ತಿದ್ದಾಳೆ. ಗಣಪತಿ ಮಂಡಳದಲ್ಲಿ ಆ ತೀರ್ಮಾನ ನೋಡುವವರು ಮಾಡಲು ಹೊರಟಿದ್ದರು, ನನಗೆ ಸಿಟ್ಟು ಬಂದದ್ದು ಅದಕ್ಕೆ.

ವಿಜಯಪುರದಿಂದ ಇಬ್ಬರು ಟೀಚರ್‌ಗಳು ಬಂದು ನೋಡಿಕೊಂಡು ಹೋಗಿದ್ದಾರೆ. ಅಲ್ಲಿಯ ಬಿಸಿಲಿಗೆ ಕೈ ಬೆವರುವುದೇ ದೊಡ್ಡ ಚಿಂತೆ, ಚಾಕ್ ಪುಡಿ ಎಷ್ಟು ಬೇಕಾಗುತ್ತದೆ ಅಂತ ಲೆಕ್ಕ ಹಾಕುತ್ತಿದ್ದೇವೆ. ಬಾಗಲಕೋಟೆ ನವನಗರದಲ್ಲಿ ನಾನೇ ಒಂದು ಹಾಲ್ ನೋಡಿದ್ದೇನೆ, ತೊಲೆ ಗಟ್ಟಿ ಇದೆ, ಎತ್ತರ 11 ಅಡಿ. ಮಾಲೀಕರು ಮುಂಗಡ ಎಪ್ಪತ್ತು ಸಾವಿರ ಕೇಳುತ್ತಿದ್ದಾರೆ. ಐವತ್ತಕ್ಕೆ ಇಳಿದರೆ ದೀಪಾವಳಿಗೆ ಶುರು ಮಾಡುತ್ತೇನೆ.